ಸೈನಸ್ ಸೋಂಕು: ಜೋಶಾಂದಾ ಎಲ್ಲಿಯವರೆಗೆ, ತಜ್ಞರ ಬಳಿಗೆ ಯಾವಾಗ?

ಡಿಸೆಂಬರ್ ಬಂತೆಂದರೆ ಹುಣಸಮಾರನಹಳ್ಳಿಯ ನನ್ನ ಚಿಕಿತ್ಸಾಲಯಕ್ಕೆ ಬರುವ ಹಲವರ ದೂರು ಒಂದೇ: "ಡಾಕ್ಟರ್ ಸಾಬ್, ಸೈನಸ್ ಆಗಿದೆ." ಫಜ್ರ್ ಹೊತ್ತಿನ ಚಳಿ ಒಂದು ಕಡೆ, ವಿಮಾನ ನಿಲ್ದಾಣದ ರಸ್ತೆಯ ಧೂಳು ಮತ್ತು ಹೊಗೆ ಇನ್ನೊಂದು ಕಡೆ.

ಕಳೆದ ಚಳಿಗಾಲದಲ್ಲಿ ಐವತ್ತು ದಾಟಿದ ತಾಯಿಯೊಬ್ಬರನ್ನು ಮಗ ಕರೆತಂದರು. ಎರಡು ತಿಂಗಳಿಂದ ಬಲಗೆನ್ನೆಯಲ್ಲಿ ನೋವು, ಬಲ ಹೊಳ್ಳೆಯಿಂದ ಮಾತ್ರ ದುರ್ವಾಸನೆಯ ಕೀವು. ಅಷ್ಟೂ ದಿನ ಮನೆಯಲ್ಲಿ ಜೋಶಾಂದಾ ಕುಡಿದಿದ್ದರು. ಎರಡು ಬಾರಿ ಮೆಡಿಕಲ್ ಶಾಪ್‌ನಿಂದ ಆಂಟಿಬಯೋಟಿಕ್ ತಂದು ನುಂಗಿದ್ದರು. ಬಾಯಿ ತೆರೆಸಿ ನೋಡಿದರೆ ಮೇಲಿನ ದವಡೆಹಲ್ಲು ಪೂರ್ತಿ ಹುಳುಕಾಗಿತ್ತು. ನಾನು ಔಷಧಿ ಬರೆಯದೆ ಅವರನ್ನು ದಂತವೈದ್ಯರ ಮತ್ತು ಇಎನ್‌ಟಿ ತಜ್ಞರ ಬಳಿಗೆ ಕಳುಹಿಸಿದೆ. ಹಲ್ಲಿನ ಚಿಕಿತ್ಸೆಯಾದ ಮೇಲೆಯೇ ಮೂಗು ಸರಿಹೋಯಿತು. ಯುನಾನಿ ಔಷಧಿಯ ಮೇಲೆ ನನಗೆ ಪೂರ್ಣ ಭರವಸೆಯಿದೆ. ಆದರೆ ಅದರ ಮಿತಿಯನ್ನು ಅರಿಯದೆ ದಿನ ಕಳೆದರೆ ನಷ್ಟ ರೋಗಿಗೇ.

ಸೈನಸ್ ಎಂದರೇನು?

ಸೈನಸ್ ಎಂಬುದು ರೋಗದ ಹೆಸರಲ್ಲ. ಹಣೆ, ಕೆನ್ನೆ, ಕಣ್ಣುಗಳ ನಡುವೆ ಮತ್ತು ಮೂಗಿನ ಹಿಂಭಾಗದ ಮೂಳೆಗಳಲ್ಲಿರುವ ಗಾಳಿ ತುಂಬಿದ ನಾಲ್ಕು ಜೋಡಿ ಪೊಳ್ಳುಗಳಿಗೆ ಸೈನಸ್ ಎನ್ನುತ್ತಾರೆ. ಅವುಗಳೊಳಗಿನ ಲೋಳೆ ಕಿರಿದಾದ ದ್ವಾರಗಳ ಮೂಲಕ ಮೂಗಿಗೆ ಹರಿಯುತ್ತದೆ. ನೆಗಡಿ ಅಥವಾ ಅಲರ್ಜಿಯಿಂದ ಒಳಪೊರೆ ಊದಿಕೊಂಡಾಗ ದ್ವಾರ ಮುಚ್ಚುತ್ತದೆ, ಲೋಳೆ ನಿಂತು ಸೋಂಕಿಗೆ ದಾರಿಯಾಗುತ್ತದೆ. ಕೆನ್ನೆಯ ಸೈನಸ್ ಮೇಲ್ದವಡೆಯ ಹಲ್ಲಿನ ಬೇರುಗಳಿಗೆ ತೀರಾ ಸಮೀಪದಲ್ಲಿದೆ. ಹಲ್ಲಿನ ಕೀವು ಅಲ್ಲಿಗೆ ಏರುವುದು ಹೀಗೆ. ಯುನಾನಿಯಲ್ಲಿ ಮೂಗಿನಿಂದ ಸುರಿಯುವುದನ್ನು ಝುಕಾಮ್, ಗಂಟಲಿಗೆ ಇಳಿಯುವುದನ್ನು ನಜ್ಲಾ ಎನ್ನುತ್ತೇವೆ.

ದಿನ ಎಣಿಸಿ

ಹೆಚ್ಚಿನ ಸೈನಸ್ ತೊಂದರೆ ವೈರಸ್‌ನಿಂದ ಬರುತ್ತದೆ ಮತ್ತು 7ರಿಂದ 10 ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ವೈರಸ್‌ಗೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಸಿಂಬಳ ಹಳದಿ ಅಥವಾ ಹಸಿರಾದ ಮಾತ್ರಕ್ಕೆ ಅದು ಬ್ಯಾಕ್ಟೀರಿಯಾ ಸೋಂಕೆಂದು ತೀರ್ಮಾನಿಸಬೇಡಿ. ಬ್ಯಾಕ್ಟೀರಿಯಾದ ಸಂಶಯ ಬರುವುದು ಈ ಮೂರು ಸಂದರ್ಭಗಳಲ್ಲಿ:

1. 10 ದಿನ ಕಳೆದರೂ ಸ್ವಲ್ಪವೂ ಇಳಿಯದಿದ್ದರೆ.
2. ಆರಂಭದಿಂದಲೇ 102 ಡಿಗ್ರಿ ಜ್ವರ, ಕೀವಿನಂಥ ಸಿಂಬಳ, ಮುಖದ ನೋವು ಮೂರು ನಾಲ್ಕು ದಿನ ಬಿಡದಿದ್ದರೆ.
3. ಐದಾರು ದಿನಕ್ಕೆ ವಾಸಿಯಾಗುತ್ತಾ ಬಂದು ಮತ್ತೆ ಜೋರಾದರೆ.

ಇವುಗಳಲ್ಲಿ ಯಾವುದಾದರೂ ಇದ್ದರೆ ವೈದ್ಯರನ್ನು ಕಾಣಿ. ಆಂಟಿಬಯೋಟಿಕ್ ಬೇಕೋ ಬೇಡವೋ ಎಂದು ಅವರೇ ಹೇಳಲಿ. ಬರೆದುಕೊಟ್ಟರೆ ಅರ್ಧಕ್ಕೆ ನಿಲ್ಲಿಸಬೇಡಿ.

ಮನೆಯಲ್ಲಿ ಏನು ಮಾಡಬಹುದು?

ವಿಶ್ರಾಂತಿ, ಬಿಸಿ ಶೋರ್ಬಾ, ಸಾಕಷ್ಟು ನೀರು. ಹಬೆ ತೆಗೆದುಕೊಳ್ಳುವುದನ್ನು ಯುನಾನಿಯಲ್ಲಿ ಇನ್ಕಿಬಾಬ್ ಎನ್ನುತ್ತೇವೆ. ದಿನಕ್ಕೆ ಎರಡು ಬಾರಿ ಐದು ನಿಮಿಷ ಸಾಕು. ಮಕ್ಕಳಿಗೆ ಕುದಿಯುವ ನೀರಿನ ಪಾತ್ರೆಯ ಹಬೆ ಕೊಡಲೇಬೇಡಿ. ಪಾತ್ರೆ ಮಗುಚಿ ಮೈ ಸುಡುವ ಅಪಾಯವಿದೆ.

ಉನ್ನಾಬ್, ಸಪಿಸ್ತಾನ್, ಗುಲೆ ಬನಫ್ಶಾ, ಮುಲೇಠಿ ಹಾಕಿದ ಜೋಶಾಂದಾ ಗಂಟಲಿಗೆ ಹಿತ, ಕಫ ಸಡಿಲಿಸಲು ನಾವು ಕೊಡುವಂಥದ್ದು. ಆದರೆ ಮುಲೇಠಿ, ಅಂದರೆ ಜ್ಯೇಷ್ಠಮಧು, ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ. ಬಿ.ಪಿ. ಇರುವವರು, ಗರ್ಭಿಣಿಯರು ಕೇಳದೆ ಕುಡಿಯಬಾರದು. ಪ್ಯಾಕೆಟ್ ಜೋಶಾಂದಾಗಳಲ್ಲಿ ಸಕ್ಕರೆ ಇರುವುದುಂಟು, ಮಧುಮೇಹಿಗಳು ಓದಿ ಕೊಳ್ಳಿ.

ವುಝೂವಿನಲ್ಲಿ ಮೂಗಿಗೆ ನೀರೆಳೆದು ಶುಚಿ ಮಾಡುವುದು ಮೂಗಿನ ಮುಂಭಾಗದ ಧೂಳನ್ನು ತೊಳೆಯುತ್ತದೆ. ಸೈನಸ್‌ಗಾಗಿ ಉಪ್ಪುನೀರಿನಿಂದ ಒಳಗಿನವರೆಗೆ ತೊಳೆಯುವುದು ಬೇರೆ. ಅದಕ್ಕೆ ನಲ್ಲಿಯ ಅಥವಾ ಬೋರ್‌ವೆಲ್‌ನ ನೀರನ್ನು ನೇರವಾಗಿ ಬಳಸಬೇಡಿ. ಅಶುದ್ಧ ನೀರಿನ ಅಮೀಬಾ ಮೂಗಿನ ಮೂಲಕ ಮೆದುಳಿಗೇರಬಲ್ಲದು. ಈ ರೋಗ ಅಪರೂಪ, ಆದರೆ ಮಾರಣಾಂತಿಕ. ನೆರೆಯ ಕೇರಳದಲ್ಲಿ ಅಂಥ ಪ್ರಕರಣಗಳು 2024 ಮತ್ತು 2025ರಲ್ಲಿ ಕಂಡುಬಂದಿವೆ. ಅರ್ಧ ಲೀಟರ್ ನೀರನ್ನು ಚೆನ್ನಾಗಿ ಕುದಿಸಿ, ಉಗುರುಬೆಚ್ಚಗೆ ಆರಿಸಿ, ಮಟ್ಟಸವಾಗಿ ಒಂದು ಟೀ ಚಮಚ ಉಪ್ಪು, ಚಿಟಿಕೆ ಅಡುಗೆ ಸೋಡಾ ಬೆರೆಸಿ. ಉಪವಾಸದಲ್ಲಿರುವಾಗ ಮೂಗಿಗೆ ಆಳವಾಗಿ ನೀರೆಳೆಯಬಾರದೆಂಬ ಪ್ರವಾದಿಯವರ(ಸ) ಮಾರ್ಗದರ್ಶನ ನಿಮಗೆ ಗೊತ್ತೇ ಇದೆ. ಆದ್ದರಿಂದ ರಮಝಾನಿನಲ್ಲಿ ಈ ಚಿಕಿತ್ಸೆ ಇಫ್ತಾರ್ ನಂತರ ಇರಲಿ.

ಮೂಗು ಬಿಡಿಸುವ ಹನಿಗಳನ್ನು ಮೂರರಿಂದ ಐದು ದಿನಕ್ಕಿಂತ ಹೆಚ್ಚು ಬಳಸಬೇಡಿ. ಹೆಚ್ಚು ದಿನ ಬಳಸಿದರೆ ಅದರಿಂದಲೇ ಮೂಗು ಕಟ್ಟತೊಡಗುತ್ತದೆ. ಬೀಡಿ, ಸಿಗರೇಟು, ಸೊಳ್ಳೆಬತ್ತಿ, ಮುಚ್ಚಿದ ಕೋಣೆಯಲ್ಲಿ ಲೋಬಾನದ ಹೊಗೆ ಇವೂ ಮೂಗಿಗೆ ಶತ್ರುಗಳೇ.

ಇಎನ್‌ಟಿ ತಜ್ಞರನ್ನು ಯಾವಾಗ ಕಾಣಬೇಕು?

ತೊಂದರೆ 12 ವಾರ ದಾಟಿದರೆ, ವರ್ಷಕ್ಕೆ ನಾಲ್ಕು ಅಥವಾ ಹೆಚ್ಚು ಸಲ ಮರುಕಳಿಸಿದರೆ, ವಾಸನೆ ತಿಳಿಯದಾದರೆ ತಜ್ಞರನ್ನು ಕಾಣಿ. ದುರ್ಮಾಂಸ ಬೆಳೆದಿದೆಯೇ, ನಡುಗೋಡೆ ವಕ್ರವಾಗಿದೆಯೇ ಎಂದು ಅವರು ಎಂಡೋಸ್ಕೋಪಿ, ಅಗತ್ಯವಿದ್ದರೆ ಸಿ.ಟಿ. ಸ್ಕ್ಯಾನ್‌ನಿಂದ ತಿಳಿಯುತ್ತಾರೆ. ಒಂದೇ ಹೊಳ್ಳೆಯಿಂದ ರಕ್ತ ಅಥವಾ ದುರ್ವಾಸನೆಯ ಸ್ರಾವ ಬಂದರೆ 12 ವಾರ ಕಾಯಬೇಡಿ. ಪುಟ್ಟ ಮಕ್ಕಳಲ್ಲಾದರೆ ಮಣಿ, ಕಡಲೆಬೀಜ, ಹುಣಸೆ ಬೀಜ ಸಿಕ್ಕಿಕೊಂಡಿರಬಹುದು. ಮನೆಯಲ್ಲಿ ಕಡ್ಡಿಯಿಂದ ಕೀಳಬೇಡಿ. ಮೂಗು ಕಟ್ಟದೆ, ಸಿಂಬಳವೂ ಇಲ್ಲದೆ ತಲೆಯ ಒಂದೇ ಭಾಗ ಸಿಡಿಯುತ್ತಿದ್ದರೆ ಅದು ಬಹುಮಟ್ಟಿಗೆ ಮೈಗ್ರೇನ್.

ನಮ್ಮ ಹುಣಸಮಾರನಹಳ್ಳಿಯಲ್ಲೇ ದಂತ ವೈದ್ಯಕೀಯ ಕಾಲೇಜು ಇದೆ, ಹಲ್ಲನ್ನು ಅಲ್ಲಿ ತೋರಿಸಬಹುದು. ಖರ್ಚಿಗೆ ಹೆದರುವವರಿಗೆ ಮಲ್ಲೇಶ್ವರದ ಕೆ.ಸಿ. ಜನರಲ್, ಶಿವಾಜಿನಗರದ ಬೌರಿಂಗ್‌ನಂಥ ಸರಕಾರಿ ಆಸ್ಪತ್ರೆಗಳಿವೆ. ಅಲರ್ಜಿಯ ಹಳೆಯ ನಜ್ಲಾಕ್ಕೆ ಯುನಾನಿ ಚಿಕಿತ್ಸೆ ಬಯಸುವವರಿಗೆ ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆ.

ಒಂದು ಗಂಟೆಯೂ ತಡಮಾಡಬಾರದ ಲಕ್ಷಣಗಳು

ಕಣ್ಣಿನ ಸುತ್ತ ಊತ ಅಥವಾ ಕೆಂಪು, ವಸ್ತುಗಳು ಎರಡೆರಡಾಗಿ ಕಾಣುವುದು, ದೃಷ್ಟಿ ಮಂಜಾಗುವುದು, ಹಿಂದೆಂದೂ ಇಲ್ಲದಷ್ಟು ತಲೆನೋವು, ಕುತ್ತಿಗೆ ಬಿಗಿತ, ಮಂಪರು. ಇವು ಸೋಂಕು ಕಣ್ಣಿಗೆ ಅಥವಾ ಮೆದುಳಿಗೆ ಹರಡುತ್ತಿರುವ ಸೂಚನೆ. 108ಕ್ಕೆ ಕರೆ ಮಾಡಿ, ದೊಡ್ಡ ಆಸ್ಪತ್ರೆಗೆ ಹೋಗಿ.

ಮಧುಮೇಹಿಗಳು ಇನ್ನೂ ಎಚ್ಚರವಾಗಿರಬೇಕು. 2021ರ ಕೋವಿಡ್ ಎರಡನೇ ಅಲೆಯಲ್ಲಿ ಜನ ಕೇಳಿ ನಡುಗಿದ ಕಪ್ಪು ಶಿಲೀಂಧ್ರ ರೋಗ ಆರಂಭವಾಗುತ್ತಿದ್ದುದು ಹೆಚ್ಚಾಗಿ ಮೂಗು ಮತ್ತು ಸೈನಸ್‌ನಿಂದಲೇ. ಸಕ್ಕರೆ ಹತೋಟಿ ತಪ್ಪಿದವರು ಅದಕ್ಕೆ ಹೆಚ್ಚು ಬಲಿಯಾದರು. ಕೋವಿಡ್ ಇಲ್ಲದಿದ್ದರೂ ಅದು ಬರಬಹುದು. ಕೆನ್ನೆ ಮರಗಟ್ಟುವುದು, ಮೂಗಿನಲ್ಲಿ ಅಥವಾ ಅಂಗುಳಿನಲ್ಲಿ ಕಪ್ಪು ಹಕ್ಕಳೆ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಔಷಧಿಯನ್ನು ಹುಡುಕುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಗುಣ ಕೊಡುವವನು ಅಲ್ಲಾಹನು, ಪ್ರಯತ್ನ ನಮ್ಮದು. ಮನೆಯಲ್ಲಿ ಯಾರಿಗಾದರೂ ನೆಗಡಿ ಶುರುವಾದ ದಿನ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ. ಹತ್ತನೆಯ ದಿನ ಅದನ್ನು ನೋಡಿ. ಇಳಿದಿಲ್ಲವಾದರೆ ಇನ್ನೊಂದು ಲೋಟ ಜೋಶಾಂದಾ ಕಾಯಿಸುವ ಬದಲು ವೈದ್ಯರ ಬಳಿಗೆ ಹೊರಡಿ.