ತನ್ನ ತಪ್ಪನ್ನು ತಾನೇ ಅಳೆಯುವ ಪೆಟ್ಟಿಗೆ

ಆಂಟೆನಾ ಚೆನ್ನಾಗಿದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲ. ಬೆಸುಗೆ ಗಟ್ಟಿಯಾಗಿರುತ್ತದೆ, ತಂತಿ ನೆಟ್ಟಗಿರುತ್ತದೆ. ಆದರೂ ಟ್ರಾನ್ಸ್‌ಮಿಟರ್ ಕಳಿಸಿದ ಶಕ್ತಿಯ ಒಂದು ಪಾಲು ಆಕಾಶಕ್ಕೆ ಹೋಗದೆ ಕೇಬಲ್ಲಿನ ದಾರಿ ಹಿಡಿದು ವಾಪಸ್ ಬರುತ್ತಿರುತ್ತದೆ. ಹೀಗೆ ಮರಳಿದ ಅಲೆ ಎಷ್ಟು ದೊಡ್ಡದು, ಎಷ್ಟು ತಡವಾಗಿ ಬಂತು ಎಂದು ಪ್ರತಿ ಫ್ರೀಕ್ವೆನ್ಸಿಯಲ್ಲೂ ಅಳೆಯುವ ಉಪಕರಣವೇ ವೆಕ್ಟರ್ ನೆಟ್‌ವರ್ಕ್ ಅನಲೈಸರ್.

ಲಕ್ಷಗಟ್ಟಲೆ ಬೆಲೆಯ ಈ ಉಪಕರಣ ಬಹುಕಾಲ ಪ್ರಯೋಗಾಲಯಗಳ ಸೊತ್ತಾಗಿತ್ತು. ಜಪಾನಿನ ತಕಹಾಶಿ ತೊಮೊಹಿರೊ ಅದನ್ನು ಅಂಗೈಯಗಲಕ್ಕೆ ಇಳಿಸಿ, ಸಾಫ್ಟ್‌ವೇರನ್ನು ಎಲ್ಲರಿಗೂ ತೆರೆದಿಟ್ಟರು. 2019ರ ಹೊತ್ತಿಗೆ ಚೀನಾದಲ್ಲಿ ತಯಾರಾದ 'ನ್ಯಾನೊವಿಎನ್‌ಎ' ಜಗತ್ತಿನ ಹ್ಯಾಮ್ ರೇಡಿಯೋ ಹವ್ಯಾಸಿಗಳ ಕೈ ಸೇರಿತು. ಅದರ ಒಳಗಿನ ಜಾಣ್ಮೆ ಮೆಚ್ಚುವಂಥದ್ದು. ಒಂದು ಅಗ್ಗದ ಗಡಿಯಾರ ಚಿಪ್ ತುಸುವೇ ಅಂತರವಿರುವ ಎರಡು ಸಿಗ್ನಲ್‌ಗಳನ್ನು ಹುಟ್ಟಿಸುತ್ತದೆ. ಮಿಕ್ಸರ್‌ಗಳು ಅವೆರಡರ ವ್ಯತ್ಯಾಸವನ್ನು ಕಿವಿಗೆ ಕೇಳಿಸುವಷ್ಟು ಕಡಿಮೆ ಫ್ರೀಕ್ವೆನ್ಸಿಗೆ ಇಳಿಸುತ್ತವೆ. ಅದನ್ನು ಅಂಕಿಗಳಾಗಿಸುವುದು ಧ್ವನಿಗೆಂದೇ ಮಾಡಿದ ಒಂದು ಆಡಿಯೋ ಚಿಪ್!

ಆದರೆ ಪೆಟ್ಟಿಗೆಯಿಂದ ತೆಗೆದ ಕೂಡಲೇ ಅದು ತೋರಿಸುವ ಗೆರೆಯನ್ನು ನಂಬಬಾರದು. ಹೊರಟ ಅಲೆಯಿಂದ ಮರಳಿದ ಅಲೆಯನ್ನು ಬೇರ್ಪಡಿಸುವ ಒಳಗಿನ ಬ್ರಿಡ್ಜ್ ಪರಿಪೂರ್ಣವಲ್ಲ. ಹೊರಟ ಅಲೆಯ ಒಂದಿಷ್ಟು ನೇರವಾಗಿ ಮರಳಿದ ಅಲೆಯ ಕಡೆಗೆ ಸೋರುತ್ತದೆ. ಪೋರ್ಟ್ ಕರಾರುವಾಕ್ಕಾಗಿ 50 ಓಮ್ ಇರುವುದಿಲ್ಲ. ಜೋಡಿಸಿದ ಕೇಬಲ್ ಅಲೆಯನ್ನು ಕುಗ್ಗಿಸುತ್ತದೆ, ತಡಮಾಡುತ್ತದೆ. ತುಪ್ಪ ತೂಗುವ ಮುನ್ನ ಅಂಗಡಿಯವನು ಖಾಲಿ ಪಾತ್ರೆಯ ತೂಕ ಕಳೆಯುವಂತೆ ಇಲ್ಲಿಯೂ ಕಳೆಯಬೇಕು. ಅಲ್ಲಿ ಒಂದು ಸಂಖ್ಯೆ ಸಾಕು, ಇಲ್ಲಿ ಪ್ರತಿ ಫ್ರೀಕ್ವೆನ್ಸಿಗೂ ಗೊತ್ತಿಲ್ಲದವು ಮೂರು. ಮೂರು ಅಜ್ಞಾತಗಳಿಗೆ ಮೂರು ಸಮೀಕರಣ ಬೇಕೆಂಬುದು ಹೈಸ್ಕೂಲಿನ ಗಣಿತ. ಆ ಮೂರು ಸಮೀಕರಣಗಳೇ ಉಪಕರಣದ ಜೊತೆ ಬರುವ ಓಪನ್, ಶಾರ್ಟ್, ಲೋಡ್ ಎಂಬ ಪುಟ್ಟ ಹಿತ್ತಾಳೆ ತುಂಡುಗಳು. ಓಪನ್ ಅಲೆಯನ್ನು ಪೂರ್ತಿ ಹಿಂದಿರುಗಿಸುತ್ತದೆ, ಶಾರ್ಟ್ ಪೂರ್ತಿಯಾಗಿ ಆದರೆ ತಲೆಕೆಳಗಾಗಿಸಿ ಹಿಂದಿರುಗಿಸುತ್ತದೆ, 50 ಓಮ್ ಲೋಡ್ ಎಲ್ಲವನ್ನೂ ನುಂಗುತ್ತದೆ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆ ಕೇಳಿದಾಗ ಉಪಕರಣ ಕೊಡುವ ತಪ್ಪು ಉತ್ತರದಲ್ಲೇ ಅದರ ದೋಷದ ಲೆಕ್ಕ ಸಿಗುತ್ತದೆ. ಇದೇ ಕ್ಯಾಲಿಬ್ರೇಷನ್.

ಕ್ರಮ ಮುಖ್ಯ. ಮೊದಲು ಎಲ್ಲಿಂದ ಎಲ್ಲಿಯವರೆಗೆ ಅಳೆಯಬೇಕೆಂಬುದನ್ನು ನಿಗದಿ ಮಾಡಿ. ಆರಂಭದ ಮಾದರಿಯಲ್ಲಿ ತೆರೆಯ ಗೆರೆಗೆ ಬಿಂದುಗಳು 101 ಮಾತ್ರ. 50 ಕಿಲೋಹರ್ಟ್ಸ್‌ನಿಂದ 900 ಮೆಗಾಹರ್ಟ್ಸ್‌ವರೆಗೆ ಹರಡಿದರೆ ಒಂದು ಬಿಂದುವಿಗೂ ಮುಂದಿನದಕ್ಕೂ 9 ಮೆಗಾಹರ್ಟ್ಸ್ ಅಂತರ. ನಮ್ಮ ದೇಶದ ಹ್ಯಾಮ್‌ಗಳು ಬಳಸುವ 144–146 ಮೆಗಾಹರ್ಟ್ಸ್ ಪಟ್ಟಿಯೊಳಗೆ ಹೆಚ್ಚೆಂದರೆ ಒಂದೇ ಬಿಂದು ಬೀಳುತ್ತದೆ. 140ರಿಂದ 150 ಎಂದು ಕೊಟ್ಟರೆ ಅಂತರ 0.1ಕ್ಕೆ ಇಳಿಯುತ್ತದೆ. ಆಮೇಲೆ ಹಳೆಯ ಕ್ಯಾಲಿಬ್ರೇಷನ್ ಅಳಿಸಿ, ಮೂರು ತುಂಡುಗಳನ್ನು ಒಂದೊಂದಾಗಿ ಹಾಕಿ, ಪ್ರತಿಯೊಂದಕ್ಕೂ ಗೆರೆ ನೆಲೆಗೊಳ್ಳುವವರೆಗೆ ಕಾದು ಗುಂಡಿ ಒತ್ತಿ, ಕೊನೆಗೆ ಮೆಮೊರಿಯಲ್ಲಿ ಉಳಿಸಬೇಕು. ಬಿಗಿಮಾಡುವಾಗ ತಿರುಗಬೇಕಾದ್ದು ಹೊರಗಿನ ನಟ್ ಮಾತ್ರ. ತುಂಡನ್ನೇ ತಿರುಗಿಸಿದರೆ ನಡುವಿನ ಸೂಜಿ ಸವೆಯುತ್ತದೆ.

ತುಂಡುಗಳನ್ನು ಎಲ್ಲಿ ಹಾಕುತ್ತೀರಿ ಎಂಬುದೇ ಈ ವಿದ್ಯೆಯ ತಿರುಳು. ಪೋರ್ಟಿನಲ್ಲೇ ಕ್ಯಾಲಿಬ್ರೇಟ್ ಮಾಡಿ, ಆಮೇಲೆ ನಡುವೆ ಕೇವಲ 10 ಸೆಂಟಿಮೀಟರ್ ಆರ್‌ಜಿ-58 ಕೇಬಲ್ ಸೇರಿಸಿ ನೋಡಿ. ಕೇಬಲ್ಲಿನೊಳಗೆ ಅಲೆಯ ವೇಗ ಬೆಳಕಿನ ವೇಗದ ಶೇ. 66ರಷ್ಟು. ಆದ್ದರಿಂದ 145 ಮೆಗಾಹರ್ಟ್ಸ್‌ನಲ್ಲಿ ಹೋಗಿಬರುವ ಆ ಚೂರು ದಾರಿಯೇ ಮರಳಿದ ಅಲೆಯನ್ನು ಚುಕ್ಕಿಯಾಗಿ ತೋರಿಸುವ ಸ್ಮಿತ್ ಚಾರ್ಟ್ ಎಂಬ ವೃತ್ತದ ಮೇಲೆ ಆ ಚುಕ್ಕಿಯನ್ನು 50 ಡಿಗ್ರಿಗೂ ಹೆಚ್ಚು ತಿರುಗಿಸಿಬಿಡುತ್ತದೆ. ಆಂಟೆನಾ ಬದಲಾಗಿಲ್ಲ, ಅದರ ಓಮ್ ಲೆಕ್ಕ ಮಾತ್ರ ಬೇರೆಯೇ ಆಗಿ ಕಾಣುತ್ತದೆ. ಅದಕ್ಕೇ ಆಂಟೆನಾ ಜೋಡಿಸುವ ಕೇಬಲ್ಲಿನ ತುದಿಯಲ್ಲೇ ಮೂರೂ ತುಂಡುಗಳನ್ನು ಹಾಕಬೇಕು. ಕೆಲಸ ಸರಿಯಾಗಿದ್ದರೆ ಶಾರ್ಟ್ ಚಾರ್ಟಿನ ಎಡತುದಿಯಲ್ಲಿ, ಓಪನ್ ಬಲತುದಿಯಲ್ಲಿ, ಲೋಡ್ ನಟ್ಟನಡುವೆ ಚುಕ್ಕಿಯಾಗಿ ಕೂರುತ್ತವೆ. ಬೆಲ್ ಲ್ಯಾಬ್ಸ್‌ನ ಫಿಲಿಪ್ ಸ್ಮಿತ್ 1939ರಲ್ಲಿ ಪ್ರಕಟಿಸಿದ ಈ ವೃತ್ತ ಮೊದಲಿಗೆ ಗಾಬರಿ ಹುಟ್ಟಿಸುತ್ತದೆ, ಈ ಮೂರು ಜಾಗ ಗುರುತಾದರೆ ಹತ್ತಿರವಾಗುತ್ತದೆ.

ಈಗ ಆಂಟೆನಾ. ಮರಳುವ ಅಲೆ ಹೆಚ್ಚಿದಷ್ಟೂ 1ರಿಂದ ಮೇಲೇರುವ ಅಂಕಿಯೇ ಎಸ್‌ಡಬ್ಲ್ಯುಆರ್; ಅದರ ಗೆರೆ ಎಲ್ಲಿ ತಗ್ಗಿಗೆ ಇಳಿಯುತ್ತದೆ ನೋಡಿ. 52 ಸೆಂಟಿಮೀಟರ್ ಕಡ್ಡಿಯ ತಗ್ಗು 138ರಲ್ಲಿದ್ದು ನಿಮಗೆ 145 ಬೇಕಿದ್ದರೆ ಕಡ್ಡಿ ಉದ್ದವಾಗಿದೆ ಎಂದರ್ಥ. 52ನ್ನು 138ರಿಂದ ಗುಣಿಸಿ 145ರಿಂದ ಭಾಗಿಸಿದರೆ ಸುಮಾರು 49.5. ಒಂದೇ ಸಲ ಕತ್ತರಿಸದೆ ಚೂರುಚೂರೇ ತೆಗೆಯಿರಿ. ಅಳೆಯುವಾಗ ಕೇಬಲ್ ಮೇಲೆ ಕೈಯಾಡಿಸಿದರೆ ಗೆರೆ ಅಲುಗುತ್ತದೆಯೇ? ಹಾಗಾದರೆ ಕೇಬಲ್ಲಿನ ಹೊರಮೈಯೇ ಆಂಟೆನಾದ ಭಾಗವಾಗಿ ಕೆಲಸ ಮಾಡುತ್ತಿದೆ. ಫೆರೈಟ್ ಉಂಗುರ ತೊಡಿಸದೆ ಆ ಅಂಕಿ ಬರೆದುಕೊಳ್ಳುವುದು ವ್ಯರ್ಥ. ತಾರಸಿಯ ಆಂಟೆನಾದಲ್ಲಿ ಸೇರಿದ ಸ್ಥಿರವಿದ್ಯುತ್ತನ್ನು ಮೊದಲು ನೆಲಕ್ಕೆ ಮುಟ್ಟಿಸಿ ಕಳೆಯದಿದ್ದರೆ ಉಪಕರಣವೇ ಸುಟ್ಟೀತು.

ಎಸ್‌ಡಬ್ಲ್ಯುಆರ್ 2 ಇದ್ದರೆ ಮರಳುವ ಶಕ್ತಿ ಶೇ. 11, 1.5ಕ್ಕೆ ಇಳಿದರೆ ಶೇ. 4. ಅದನ್ನು 1.1ಕ್ಕೆ ಇಳಿಸಲೆಂದೇ ದಿನಗಟ್ಟಲೆ ಒದ್ದಾಡುವುದಕ್ಕೆ ಅರ್ಥವಿಲ್ಲ. 50 ಓಮ್ ಲೋಡ್ ಕೂಡ 1.0 ತೋರಿಸುತ್ತದೆ, ಆದರೆ ಅದರಿಂದ ಒಂದು ಅಲೆಯೂ ಹೊರಡುವುದಿಲ್ಲ. ಹಳೆಯ, ನೀರು ಕುಡಿದ ಕೇಬಲ್ ಕೂಡ ಹೀಗೆಯೇ ಶಕ್ತಿಯನ್ನು ಒಳಗೇ ನುಂಗಿ ಒಳ್ಳೆಯ ಅಂಕಿ ತೋರಿಸುತ್ತದೆ. ಪರೀಕ್ಷೆ ಸುಲಭ: ಪೋರ್ಟಿನಲ್ಲಿ ಕ್ಯಾಲಿಬ್ರೇಟ್ ಮಾಡಿ, ಕೇಬಲ್ ಜೋಡಿಸಿ, ಅದರ ಆಚೆ ತುದಿಗೆ ಶಾರ್ಟ್ ಹಾಕಿ. ಮರಳುವ ಅಲೆ 6 ಡೆಸಿಬೆಲ್ ಕುಗ್ಗಿದ್ದರೆ ಒಂದು ದಾರಿಯ ನಷ್ಟ 3 ಡೆಸಿಬೆಲ್, ಅಂದರೆ ನಿಮ್ಮ ಶಕ್ತಿಯ ಅರ್ಧ ಭಾಗ ಆಂಟೆನಾ ತಲುಪುವ ಮೊದಲೇ ಕೇಬಲ್ಲಿನಲ್ಲಿ ಬಿಸಿಯಾಗಿ ಕಳೆದುಹೋಗುತ್ತಿದೆ. ಬದಲಿಸಬೇಕಾದ್ದು ಕೇಬಲ್ಲನ್ನು.