ಹೊಳೆಯ ತಳದಲ್ಲಿ ಉಳಿಯುವ ವಿಷ

ಹರಿಯುವ ನೀರಿಗೆ ದೋಷವಿಲ್ಲವೆಂಬುದು ನಮ್ಮಲ್ಲಿ ಹಿರಿಯರ ಕಾಲದಿಂದ ಬಂದ ನಂಬಿಕೆ. ಕೊಳೆತ ಎಲೆ, ಸಗಣಿ ಮೊದಲಾದ ಕಲ್ಮಷಗಳ ವಿಷಯದಲ್ಲಿ ಈ ಮಾತು ಬಹುಮಟ್ಟಿಗೆ ನಿಜವೇ ಸರಿ. ಗಾಳಿ, ಬಿಸಿಲು, ಸೂಕ್ಷ್ಮಜೀವಿಗಳು ಸೇರಿ ಅವನ್ನು ಕ್ರಮೇಣ ಇಲ್ಲದಂತೆ ಮಾಡುವುವು. ಆದರೆ ಸೀಸ, ಪಾದರಸ, ಕ್ಯಾಡ್ಮಿಯಂ ಮುಂತಾದ ಭಾರಲೋಹಗಳಿಗೆ ಈ ನಿಯಮ ಸಲ್ಲದು. ಲೋಹವು ಮೂಲವಸ್ತು, ಅದನ್ನು ಕೊಳೆಯಿಸುವ ಜೀವಿಯಿಲ್ಲ, ನಾಶಮಾಡುವ ಬೆಂಕಿಯಿಲ್ಲ. ನೀರು ಅದನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಒಯ್ಯಬಲ್ಲುದೇ ಹೊರತು ಇಲ್ಲವೆನಿಸಲಾರದು.

ಇದನ್ನು ತಿಳಿಯಲು ನಮ್ಮ ಕೋಲಾರದ ಚಿನ್ನದ ಗಣಿಗಳೇ ಸಾಕು. ಜಾನ್ ಟೇಲರ್ ಕಂಪೆನಿಯವರು 1880ರಲ್ಲಿ ಕಾಲಿಟ್ಟ ಮೇಲೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಗಣಿಗಳು ಲೋಕಪ್ರಸಿದ್ಧವಾದುವು. 2001ನೆಯ ಇಸವಿ ಫೆಬ್ರವರಿ 28ರಂದು ಕೆಲಸ ನಿಲ್ಲುವ ಹೊತ್ತಿಗೆ ಸುಮಾರು 800 ಟನ್ ಚಿನ್ನ ಹೊರಬಿದ್ದಿತ್ತು. ಚಿನ್ನವೇನೋ ಹೊರಟುಹೋಯಿತು, ಅದಕ್ಕಾಗಿ ಅರೆದ ಬಂಡೆಯ ಪುಡಿ ಮಾತ್ರ ಅಲ್ಲಿಯೇ ಉಳಿಯಿತು. ಹದಿಮೂರು ದಿಬ್ಬಗಳಲ್ಲಿ ಹರಡಿರುವ ಈ ಪುಡಿಯ ತೂಕ ಸುಮಾರು 3.3 ಕೋಟಿ ಟನ್ನುಗಳೆಂದು ಅಂದಾಜು.

ಜನರು ಇವನ್ನು ಸೈನೈಡ್ ದಿಬ್ಬಗಳೆಂದು ಕರೆಯುವರು. ಪುಡಿಯಿಂದ ಚಿನ್ನವನ್ನು ಕರಗಿಸಿ ತೆಗೆಯಲು ಸೈನೈಡ್ ದ್ರಾವಣವನ್ನು ಬಳಸುತ್ತಿದ್ದುದೇ ಈ ಹೆಸರಿಗೆ ಕಾರಣ. ಹೆಸರನ್ನು ಕೇಳಿದೊಡನೆ ಎದೆ ನಡುಗುವುದು ಸಹಜ. ಆದರೆ ಬಿಸಿಲಿಗೂ ಗಾಳಿಗೂ ಒಡ್ಡಿದ ಸೈನೈಡಿನ ಬಹುಭಾಗವು ವರ್ಷಗಳು ಕಳೆದಂತೆ ಒಡೆದು ಹೋಗುವುದು. ಹೆಸರಿಲ್ಲದೆ ಉಳಿಯುವುದು ಅದಿರಿನಲ್ಲಿಯೇ ಇದ್ದ ಲೋಹಾಂಶ. ಕೋಲಾರದ ಪಶ್ಚಿಮದ ಪಟ್ಟೆಗಳ ಅದಿರಿನಲ್ಲಿ ಚಿನ್ನದೊಡನೆ ಕಬ್ಬಿಣ, ಗಂಧಕ, ಪಾಷಾಣ ಜಾತಿಯ ಆರ್ಸೆನಿಕ್ ಇವುಗಳ ಸಂಯುಕ್ತಗಳೂ ಬೆರೆತಿರುವುವು. ಗಟ್ಟಿ ಬಂಡೆಯೊಳಗೆ ಯುಗಯುಗಗಳಿಂದ ಮಲಗಿದ್ದ ಇವು, ಹಿಟ್ಟಿನಂತೆ ಪುಡಿಯಾದ ಮೇಲೆ ಗಾಳಿಯನ್ನೂ ಮಳೆಯನ್ನೂ ಕಾಣುವುವು. ಆಗ ಗಂಧಕವು ಆಮ್ಲವಾಗಿ ಲೋಹಗಳನ್ನು ಬಿಡಿಸಬಲ್ಲುದು. ಬಿಡಿಸಿದ್ದನ್ನು ಮಳೆನೀರು ಹಳ್ಳಕ್ಕೂ, ಹಳ್ಳವು ಕೆರೆಗೂ ಹೊಳೆಗೂ ಒಯ್ಯುವುದು. ಈ ಸೀಮೆಯ ಹೊಳೆಯೆಂದರೆ ನಂದಿಬೆಟ್ಟದ ಕಡೆಯಿಂದ ಬರುವ ಪಾಲಾರ್. ಗಣಿಯೂರಿಗೆ ಬಹುಕಾಲ ಕುಡಿಯುವ ನೀರನ್ನು ಕೊಟ್ಟ ಬೇತಮಂಗಲದ ಕೆರೆಯೂ ಅದರದೇ.

ಹೊಳೆಯಲ್ಲಿ ಲೋಹವು ಬಹುಕಾಲ ತೇಲಿಕೊಂಡಿರದು. ಜೇಡಿಯ ಕಣಗಳಿಗೂ ಕೊಳೆತ ಎಲೆಯ ಚೂರುಗಳಿಗೂ ಅಂಟಿಕೊಂಡು ತಳಕ್ಕೆ ಇಳಿಯುವುದು. ಮೇಲಿನ ನೀರು ತಿಳಿಯಾಗಿ ಕಾಣುವುದರಿಂದ ಎಲ್ಲವೂ ಶುದ್ಧವಾಯಿತೆಂದು ನಾವು ತೃಪ್ತರಾಗುವೆವು. ಆದರೆ ತಳದ ಹೂಳು ಪದರಪದರವಾಗಿ ಕೂಡಿಡುತ್ತಲೇ ಇರುವುದು. ಪ್ರವಾಹವು ಹೂಳನ್ನು ಕದಡಿದಾಗ, ನೀರು ಹುಳಿಯಾದಾಗ, ತಳದಲ್ಲಿ ಪ್ರಾಣವಾಯು ತೀರಿದಾಗ, ಕೂಡಿಟ್ಟ ಲೋಹವು ಮತ್ತೆ ನೀರಿಗೆ ಬರಬಹುದು. ಕಾರ್ಖಾನೆ ಮುಚ್ಚಿದರೂ ಕಷ್ಟ ಮುಗಿಯದಿರುವುದಕ್ಕೆ ಇದೇ ಕಾರಣ.

ಜಪಾನಿನ ಜಿಂಜು ನದಿಯ ಕಥೆ ಇದಕ್ಕೆ ಸಾಕ್ಷಿ. ಕಾಮಿಯೋಕಾ ಎಂಬ ಗಣಿಯಿಂದ ಬಂದ ಕ್ಯಾಡ್ಮಿಯಂ ನದಿಯ ಮೂಲಕ ಬತ್ತದ ಗದ್ದೆಗಳನ್ನು ಸೇರಿತು. ಗದ್ದೆಯಿಂದ ಅನ್ನವನ್ನು, ಅನ್ನದಿಂದ ಮೂಳೆಯನ್ನು ಸೇರಿತು. ನಡುವಯಸ್ಸು ದಾಟಿದ ಹೆಂಗಸರೇ ಹೆಚ್ಚಾಗಿ ಬೇನೆಗೆ ಬಿದ್ದರು. ಮೂತ್ರಪಿಂಡಗಳು ಕೆಟ್ಟು, ಮೂಳೆಗಳು ಮೆತ್ತಗಾಗಿ, ಸ್ವಲ್ಪದರಲ್ಲಿಯೇ ಮುರಿಯುತ್ತಿದ್ದುವು. ಅವರ ನರಳಾಟವೇ ರೋಗದ ಹೆಸರಾಯಿತು: ಇಟಾಯ್-ಇಟಾಯ್, ಅಂದರೆ ‘ನೋವು, ನೋವು’. ಸರ್ಕಾರವು 1968ರಲ್ಲಿ ಕಾರಣವನ್ನು ಒಪ್ಪಿಕೊಂಡಿತು. ಗದ್ದೆಗಳ ಮಣ್ಣನ್ನು ಸರಿಪಡಿಸುವ ಕೆಲಸ ಮುಗಿದದ್ದು 2012ರಲ್ಲಿ. ಅಲ್ಲಿಯ ಅದಿರು ಬೇರೆ, ಕೋಲಾರದ ಅದಿರು ಬೇರೆ. ರೋಗವೂ ಅದೇ ಆಗಬೇಕೆಂದಿಲ್ಲ. ಆದರೆ ಗಣಿಯಿಂದ ಗದ್ದೆಗೆ, ಗದ್ದೆಯಿಂದ ಅಡಿಗೆಮನೆಗೆ ಬರುವ ದಾರಿ ಎಲ್ಲಿಯೂ ಒಂದೇ.

ಗೃಹಸ್ಥರು ತಿಳಿದಿರಬೇಕಾದ ಸಂಗತಿಗಳು ಕೆಲವುಂಟು. ಕುದಿಸಿದರೆ ರೋಗಾಣುಗಳು ಸಾಯುವುವು, ಲೋಹವು ಹೋಗದು. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುವುದು. ಬಟ್ಟೆಯಲ್ಲಿ ಸೋಸಿದರೆ ಮಣ್ಣಿನೊಡನೆ ಇರುವುದು ನಿಲ್ಲಬಹುದು, ಕರಗಿದ್ದು ನಿಲ್ಲದು. ಸೀಸವು ಎಳೆಯ ಮಕ್ಕಳ ಬುದ್ಧಿಯ ಬೆಳವಣಿಗೆಗೆ ಮಾರಕ. ಆರ್ಸೆನಿಕ್ ಬಹುಕಾಲ ಒಡಲು ಸೇರಿದರೆ ಚರ್ಮದ ಬೇನೆಗೂ ಅರ್ಬುದಕ್ಕೂ ಕಾರಣವಾಗುವುದು. ಆದಕಾರಣ ದಿಬ್ಬಗಳ ಮೇಲೆ ಮಕ್ಕಳನ್ನು ಆಡಲು ಬಿಡತಕ್ಕದ್ದಲ್ಲ. ಕೆರೆಯ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುವುದು ನಮ್ಮ ರೈತರ ಒಳ್ಳೆಯ ಪದ್ಧತಿ; ಗಣಿಯ ಕೆಳಗಿನ ಕೆರೆಗಳಲ್ಲಿ ಮಾತ್ರ ಮಣ್ಣನ್ನು ಮೊದಲು ಲೋಹಪರೀಕ್ಷೆಗೆ ಕಳುಹಿಸಿ ಅನಂತರ ಹೊಡೆಯುವುದು ಲೇಸು.

ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಯೋಜನೆಗೆ ಕರ್ನಾಟಕದ ಮಂತ್ರಿಮಂಡಲವು 2024ರ ಜೂನ್ ತಿಂಗಳಲ್ಲಿ ಸಮ್ಮತಿ ನೀಡಿತು. ನೂರಿಪ್ಪತ್ತು ವರ್ಷಗಳ ಪುಡಿಯನ್ನು ಮತ್ತೆ ಕೆದಕುವಾಗ, ಎಷ್ಟು ಚಿನ್ನ ಸಿಕ್ಕಿತೆಂಬ ಲೆಕ್ಕವನ್ನು ಇಡುವವರು ಇದ್ದೇ ಇರುವರು. ಕೆಳಗಿನ ಹಳ್ಳಕೊಳ್ಳಗಳ ಹೂಳಿನಲ್ಲಿ ಏನು ಸೇರಿತೆಂಬ ಲೆಕ್ಕವನ್ನೂ ವರ್ಷವರ್ಷವೂ ಇಟ್ಟು, ಆ ಊರಿನವರಿಗೆ ಅವರ ಭಾಷೆಯಲ್ಲಿ ಓದಿ ಹೇಳುವ ಏರ್ಪಾಡು ಆಗಬೇಕು. ಅದನ್ನು ಕೇಳುವ ಹಕ್ಕು ಅಲ್ಲಿ ನೀರು ಸೇದುವ ಪ್ರತಿಯೊಂದು ಮನೆಗೂ ಉಂಟು.