ಕಪಾಟಿನ ಬೀಗದಿಂದ ಪಾಸ್‌ವರ್ಡ್‌ವರೆಗೆ

ಹೊಸಹಳ್ಳಿ ನಿಲ್ದಾಣದಲ್ಲಿ ಕೆಂಗೇರಿ ಕಡೆಯ ಮೆಟ್ರೊ ಹತ್ತಿ ಜ್ಞಾನಭಾರತಿಯಲ್ಲಿ ಇಳಿದರೆ ಬೆಂಗಳೂರು ವಿಶ್ವವಿದ್ಯಾಲಯ. ಅದೇ ಮೈಸೂರು ರಸ್ತೆಯ ಎಂಟನೇ ಮೈಲಿಯಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಡಿಆರ್‌ಟಿಸಿ ಇದೆ. ಗ್ರಂಥಾಲಯ ವಿಜ್ಞಾನದ ಈ ಕೇಂದ್ರವನ್ನು 1962ರಲ್ಲಿ ಶುರುಮಾಡಿದವರು ಎಸ್. ಆರ್. ರಂಗನಾಥನ್. ಓದುಗರು ತಾವೇ ಕಪಾಟಿನ ಮುಂದೆ ನಿಂತು ಪುಸ್ತಕ ಆರಿಸಬೇಕು ಎಂದವರು ಅವರು. ಕಳ್ಳತನದ ಭಯಕ್ಕೆ ಕಪಾಟು ಮುಚ್ಚುವುದು ಅವರಿಗೆ ಒಪ್ಪಿಗೆಯಿರಲಿಲ್ಲ.

ಆಗ ಕಾಯಬೇಕಿದ್ದದ್ದು ಪುಸ್ತಕವನ್ನು. ಒಂದು ಪ್ರತಿ ಕಾಣೆಯಾದರೆ ಗ್ರಂಥಾಲಯಕ್ಕೆ ಬಂದ ಪುಸ್ತಕಗಳನ್ನೆಲ್ಲ ದಾಖಲಿಸುವ ಆಕ್ಸೆಷನ್ ರಿಜಿಸ್ಟರ್ ನೋಡಿದರೆ ಯಾವುದು ಹೋಯಿತೆಂದು ತಿಳಿಯುತ್ತಿತ್ತು. ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಜೋಡಿಸುವ ಯುಜಿಸಿಯ ಕೇಂದ್ರ ಇನ್‌ಫ್ಲಿಬ್‌ನೆಟ್‌ನ 'ಸೋಲ್', ನ್ಯೂಜಿಲೆಂಡಿನಲ್ಲಿ ಹುಟ್ಟಿದ 'ಕೋಹಾ' ತಂತ್ರಾಂಶಗಳು ಬಂದ ಮೇಲೆ ರಿಜಿಸ್ಟರ್ ಸರ್ವರ್ ಸೇರಿತು. ಅದರ ಜೊತೆಗೇ ಯಾರು ಯಾವ ಪುಸ್ತಕ ಒಯ್ದರು ಎಂಬ ಲೆಕ್ಕವೂ ಸೇರಿತು.

2004ರಿಂದ ಯುಜಿಸಿ-ಇನ್ಫೊನೆಟ್ ಮೂಲಕ ವಿಶ್ವವಿದ್ಯಾಲಯಗಳಿಗೆ ಇ-ಜರ್ನಲ್‌ಗಳು ಬಂದವು. ಅವು ತೆರೆಯುತ್ತಿದ್ದದ್ದು ಕ್ಯಾಂಪಸ್ಸಿನ ಐಪಿ ವಿಳಾಸದಿಂದ. ಹೊಸಹಳ್ಳಿಯ ಮನೆಯಲ್ಲಿ ಕೂತ ಸಂಶೋಧಕಿಗೆ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಮನೆಯಿಂದಲೂ ಓದಲು ಸಾಧ್ಯವಾಗಲೆಂದು ಇನ್‌ಫೆಡ್‌ನಂಥ ಲಾಗಿನ್ ವ್ಯವಸ್ಥೆ ಬಂತು. ಒಳ್ಳೆಯ ಕೆಲಸವೇ. ಆದರೆ ಅಲ್ಲಿಂದಾಚೆಗೆ ಒಬ್ಬೊಬ್ಬ ಓದುಗರ ಪಾಸ್‌ವರ್ಡ್ ಕೂಡ ಗ್ರಂಥಾಲಯದ ಬೀಗದ ಕೈಯಾಯಿತು.

ಆ ಬೀಗದ ಕೈ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಲಂಡನ್ನಿನ ಬ್ರಿಟಿಷ್ ಲೈಬ್ರರಿ ಕಂಡಿದೆ. 2023ರ ಅಕ್ಟೋಬರಿನಲ್ಲಿ ರೈಸಿಡಾ ಎಂಬ ಸೈಬರ್ ದಾಳಿಕೋರರ ಗುಂಪು ಅದರ ವ್ಯವಸ್ಥೆಯೊಳಗೆ ನುಗ್ಗಿ ಸುಮಾರು 600 ಜಿಬಿ ಮಾಹಿತಿ ಕದ್ದಿತು. ಹೊರಗಿನಿಂದ ಪ್ರವೇಶಿಸಲು ಬಳಸುವ ಒಂದು ಸರ್ವರ್‌ಗೆ ಎರಡನೇ ಹಂತದ ದೃಢೀಕರಣವೇ ಇರಲಿಲ್ಲ. ದಾಳಿಕೋರರು ಕೇಳಿದ ಒತ್ತೆಹಣವನ್ನು ಗ್ರಂಥಾಲಯ ಕೊಡಲಿಲ್ಲ. ಸಿಬ್ಬಂದಿಯ, ಓದುಗರ ವಿವರಗಳು ಬಯಲಾದವು. ಮುಖ್ಯ ಕ್ಯಾಟಲಾಗ್ ಮತ್ತೆ ಕಾಣಿಸಿದ್ದು 2024ರ ಜನವರಿ 15ರಂದು, ಅದೂ ಹುಡುಕಿ ನೋಡುವಷ್ಟಕ್ಕೆ ಮಾತ್ರ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ: ಡಿಜಿಟಲ್ ಸಂಗ್ರಹದ ಪ್ರತಿಗಳು ಅವರಲ್ಲಿ ಭದ್ರವಾಗಿದ್ದವು, ಅವನ್ನು ಮತ್ತೆ ನಡೆಸಲು ಬೇಕಾದ ಯಂತ್ರ-ತಂತ್ರಾಂಶಗಳೇ ಹಾಳಾಗಿದ್ದವು.

ಹಾಗಾಗಿ ನಮ್ಮ ವಿಶ್ವವಿದ್ಯಾಲಯಗಳು ಬ್ಯಾಕಪ್ ಇದೆ ಎಂದು ನೆಮ್ಮದಿಯಿಂದ ಕೂರುವಂತಿಲ್ಲ. ಒಂದು ಪ್ರತಿ ನೆಟ್‌ವರ್ಕಿನಿಂದ ಹೊರಗಿರಬೇಕು. ಅದನ್ನು ಬೇರೊಂದು ಯಂತ್ರಕ್ಕೆ ಹಾಕಿ ಕ್ಯಾಟಲಾಗ್ ಏಳುತ್ತದೆಯೇ ಎಂದು ಆಗಾಗ ಪರೀಕ್ಷಿಸಬೇಕು. ಪುಸ್ತಕ ಹಿಂತಿರುಗಿದ ಮೇಲೆ ಯಾರು ಏನು ಓದಿದರೆಂಬ ಲೆಕ್ಕವನ್ನು ಬೇಕಾದಷ್ಟು ದಿನ ಮಾತ್ರ ಇಟ್ಟುಕೊಂಡು ಅಳಿಸಬೇಕು. ಇದಕ್ಕೆಲ್ಲ ಹಣವೂ ಬೇಕು, ಜನವೂ ಬೇಕು. ಗ್ರಂಥಪಾಲಕರೊಬ್ಬರ ತಲೆಗೆ ಕಟ್ಟಿ ಆಡಳಿತ ಕೈತೊಳೆದುಕೊಳ್ಳುವುದು ಸರಿಯಲ್ಲ.

ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ: ಎಷ್ಟೇ ಆಪ್ತ ಗೆಳೆಯ ಕೇಳಿದರೂ ಗ್ರಂಥಾಲಯದ ಪಾಸ್‌ವರ್ಡ್ ಕೊಡಬೇಡಿ. ಅವನಿಗೆ ಬೇಕಾದ ಲೇಖನದ ಬಗ್ಗೆ ಗ್ರಂಥಪಾಲಕರನ್ನು ಕೇಳಿ.